ಓಡಿಸಿದವರು: ಶ್ರೀನಿವಾಸ ಗೌಡರು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜಾತ್ರೆಗಳಲ್ಲಿ ಎತ್ತಿನ ಗಾಡಿ ಶರ್ಯತ್ತು ನೋಡದ ರೈತ ನಮ್ಮಲ್ಲಿ ವಿರಳ. ಶರ್ಯತ್ತು ಮುಗಿದೊಡನೆ ಎತ್ತುಗಳಿಗೆ ಗುಲಾಲು, ಯಜಮಾನರಿಗೆ ಹಾರ. ಗಾಡಿ ಹೊಡೆದವನು ಯಾರೆಂದು ಕೇಳುವವರು ಕಡಿಮೆ. ಕರಾವಳಿಯ ಕಂಬಳದ ಫಲಿತಾಂಶದಲ್ಲಾದರೋ ಕೋಣಗಳ ಯಜಮಾನರ ಹೆಸರಿನ ಕೆಳಗೆ ‘ಓಡಿಸಿದವರು’ ಎಂದು ಇನ್ನೊಂದು ಹೆಸರು ಇರುತ್ತದೆ. ಆ ಒಂದು ಸಾಲಿನಿಂದ ಹೊರಜಗತ್ತಿಗೂ ಪರಿಚಿತರಾದ ಒಬ್ಬರ ವಿಚಾರವನ್ನು ಸದಸ್ಯ ಬಾಂಧವರ ಮುಂದಿಡಬೇಕೆಂದು ನಮಗನಿಸಿತು.

ಮೂಡುಬಿದಿರೆ ಸಮೀಪದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕಟ್ಟಡ ಕೆಲಸ ಮಾಡಿ ಬದುಕಿದವರು. ಕಂಬಳದ ಕಾಲ ಬಂತೆಂದರೆ ಬೇರೆಯವರ ಕೋಣಗಳನ್ನು ಓಡಿಸುವ ಓಟಗಾರರು. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳುಂಟು. ನಮ್ಮ ಗಾಡಿ ಹೊಡೆಯುವವನಿಗೆ ಕೂರಲು ಗಾಡಿಯಾದರೂ ಇದೆ. ಹಗ್ಗದ ವಿಭಾಗದಲ್ಲಿ ಅದೂ ಇಲ್ಲ. ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು, ಕೆಸರು ನೀರಿನ ಕರೆಯಲ್ಲಿ ಬರಿಗಾಲಲ್ಲಿ ಕೋಣಗಳ ಹಿಂದೆಯೇ ಓಡಬೇಕು. ಹೆಜ್ಜೆ ತಪ್ಪಿದರೆ ಕೆಸರಿಗೆ ಬಿದ್ದಂತೆಯೇ.

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿ, ನೂರು ಮೀಟರಿಗೆ 9.55 ಸೆಕೆಂಡು ಆಯಿತೆಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಸುದ್ದಿ ದೇಶವೆಲ್ಲ ಹಬ್ಬಿತು. ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರು ಕ್ರೀಡಾ ಪ್ರಾಧಿಕಾರದಲ್ಲಿ ಗೌಡರ ಓಟದ ಪರೀಕ್ಷೆಗೆ ಏರ್ಪಾಡು ಮಾಡಿಸುವುದಾಗಿ ಪ್ರಕಟಿಸಿದರು. ಮುಖ್ಯಮಂತ್ರಿಗಳಾಗಿದ್ದ ಯಡಿಯೂರಪ್ಪನವರು ಗೌಡರನ್ನು ಕರೆಸಿ ಗೌರವಿಸಿ 3 ಲಕ್ಷ ರೂಪಾಯಿ ಕೊಟ್ಟರು.

ಹೊಗಳಿಕೆಯ ಈ ಹೊಳೆಯಲ್ಲಿ ಯಾರಿಗಾದರೂ ಕಾಲು ಜಾರಬಹುದಿತ್ತು. ಗೌಡರಿಗೆ ಜಾರಲಿಲ್ಲ. ಬೋಲ್ಟ್ ವಿಶ್ವಚಾಂಪಿಯನ್, ತಾನು ಕೆಸರು ಗದ್ದೆಯಲ್ಲಿ ಓಡುವವನು ಎಂದರು. ಕಂಬಳದಲ್ಲಿ ಹಿಮ್ಮಡಿಯ ಓಟ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಓಟ. ಗೆಲುವಿನಲ್ಲಿ ಕೋಣಗಳ ಪಾಲೂ ಇದೆ ಎಂದು ವಿವರಿಸಿ, ಪರೀಕ್ಷೆಯನ್ನು ಒಲ್ಲೆನೆಂದರು. ವಿಚಾರ ಮಾಡಿದರೆ ಅವರ ಮಾತೇ ಸರಿ. ಹಗ್ಗ ಹಿಡಿದವನನ್ನು ಕೋಣಗಳು ಎಳೆಯುತ್ತವೆ. ಬೋಲ್ಟನನ್ನು ಎಳೆಯುವವರು ಯಾರೂ ಇರಲಿಲ್ಲ. ಇತ್ತ ಬೋಲ್ಟನ ಕಾಲಡಿಯಲ್ಲಿ ಕೆಸರೂ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಇಬ್ಬರಿಗೂ ಅನ್ಯಾಯ.

ಅದೇ ತಿಂಗಳು ವೇಣೂರು ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಗಳಿಗೆ ಹೊಸ ಬೋಲ್ಟ್ ಸಿಕ್ಕಿದ. ಗೌಡರು ಮಾತ್ರ ತಾವು ಬಲ್ಲ ಕೆಸರಿನಲ್ಲೇ ಓಟ ಮುಂದುವರಿಸಿದರು.

ಈ ಓಟವೇ ನಿಂತುಹೋಗುವ ಸಂದರ್ಭವೂ ಒದಗಿತ್ತು. 2014ರ ಮೇ 7ರ ಸುಪ್ರೀಂ ಕೋರ್ಟಿನ ತೀರ್ಪು ಜಲ್ಲಿಕಟ್ಟು, ಗಾಡಿ ಓಟಗಳನ್ನು ನಿಷೇಧಿಸಿದಾಗ ಕಂಬಳಕ್ಕೂ ಅದರ ಬಿಸಿ ತಟ್ಟಿತು. 2017ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ಕಾನೂನು ತಂದು, ಪ್ರಾಣಿಗಳಿಗೆ ಅನಗತ್ಯ ನೋವಾಗಬಾರದೆಂಬ ನಿಬಂಧನೆಯೊಡನೆ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅನುಮತಿ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಕರಾವಳಿಯ ಕೋಣಕ್ಕೂ ನಮ್ಮ ಎತ್ತಿಗೂ ಕಾಯಿದೆ ಒಂದೇ. ನಿಬಂಧನೆ ಮುರಿದರೆ ಕಳೆದುಕೊಳ್ಳುವವರೂ ನಾವೇ.

ಆದುದರಿಂದ ನಮ್ಮ ತಾಲ್ಲೂಕುಗಳ ಜಾತ್ರಾ ಕಮಿಟಿಯ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಶರ್ಯತ್ತಿನಲ್ಲಿ ಎತ್ತಿನ ಮೈಮೇಲೆ ಬಾಸುಂಡೆ ಬೀಳದಂತೆ ನೋಡಿಕೊಳ್ಳಿರಿ. ಬಹುಮಾನದ ಹಲಗೆಯ ಮೇಲೆ ಯಜಮಾನರ ಹೆಸರಿನ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಿರಿ. ಗಾಡಿ ಹೊಡೆದವನಿಗೂ ಒಂದು ಹೆಸರಿದೆ.