ದಂಬೆಯ ಕಸ ತೆಗೆಯಿರಿ, ಮಾಡು ಉಳಿಸಿರಿ

ಮಳೆಗಾಲದಲ್ಲಿ ಮನೆ ಸೋರ್ತದೆ. ಆಗ ನೀವು ಏನು ಮಾಡ್ತೀರಿ? ಮೊದಲು ಹಂಚು ನೋಡ್ತೀರಿ. ಒಡೆದ ಹಂಚು ತೆಗೆದು ಹೊಸದು ಇಡ್ತೀರಿ. ಆದರೂ ಕೆಲವು ಸಲ ಗೋಡೆಯ ಮೇಲ್ಭಾಗ ಒದ್ದೆಯಾಗಿಯೇ ಇರ್ತದೆ. ಹಂಚು ಸರಿಯಾಗಿದೆ. ಹಾಗಾದರೆ ನೀರು ಎಲ್ಲಿಂದ ಬಂತು?

ಒಮ್ಮೆ ಸೂರಿನ ತುದಿಯಲ್ಲಿರುವ ದಂಬೆಯನ್ನು ನೋಡಿ. ಅದರಲ್ಲಿ ಕಸ ತುಂಬಿರಬಹುದು.

ದಂಬೆಯ ಕೆಲಸ ಏನು?

ಮಾಡಿನ ಮೇಲೆ ಬಿದ್ದ ನೀರನ್ನು ದಂಬೆ ಹಿಡಿಯುತ್ತದೆ. ಮನೆಯಿಂದ ದೂರ ಸಾಗಿಸುತ್ತದೆ. ಹಿಂದೆ ಅಡಿಕೆ ಮರ ಸೀಳಿ, ತಿರುಳು ತೆಗೆದು ದಂಬೆ ಮಾಡುತ್ತಿದ್ದರು. ಈಗ ತಗಡಿನ ದಂಬೆ, ಪ್ಲಾಸ್ಟಿಕ್ ದಂಬೆ ಬಂದಿವೆ. ಕೆಲವರು ದೋಣಿ ಎನ್ನುತ್ತಾರೆ. ಮಲಯಾಳದಲ್ಲಿ ಪಾತ್ತಿ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ.

ಒಂದು ಲೆಕ್ಕ ಮಾಡೋಣ

ನಮ್ಮ ಕಾಸರಗೋಡಿನಲ್ಲಿ ಮಳೆ ಬಹಳ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಬೀಳುತ್ತದೆ. ಒಂದು ಬದಿಯ ಮಾಡು 6 ಮೀಟರ್ ಉದ್ದ, 4 ಮೀಟರ್ ಅಗಲ ಇದೆ ಎಂದುಕೊಳ್ಳಿ. ಒಂದು ಸೆಂಟಿಮೀಟರ್ ಮಳೆ ಬಂದರೆ ಅದರಿಂದ ಸುಮಾರು 240 ಲೀಟರ್ ನೀರು ಇಳಿಯುತ್ತದೆ. 12 ಲೀಟರ್ ಹಿಡಿಯುವ ಕೊಡದಲ್ಲಿ ಅಳೆದರೆ 20 ಕೊಡ! ಜೋರು ಮಳೆಗೆ ಇಷ್ಟು ನೀರು ಬೀಳಲು ಅರ್ಧ ಗಂಟೆಯೂ ಬೇಡ. ದಂಬೆಯ ದಾರಿ ಕಟ್ಟಿದ್ದರೆ ಈ ನೀರೆಲ್ಲ ಎಲ್ಲಿಗೆ ಹೋಗಬೇಕು?

ದಂಬೆ ಕಟ್ಟಿದರೆ ಏನಾಗ್ತದೆ?

ಹಲಸು, ಮಾವಿನ ಎಲೆಗಳು ದಂಬೆಗೆ ಬೀಳುತ್ತವೆ. ಹಂಚಿನ ಹಾವಸೆಯೂ ಕಳಚಿ ಬೀಳುತ್ತದೆ. ಎಲ್ಲ ಸೇರಿ ಕೊಳೆತು ಕೆಸರಾಗುತ್ತದೆ. ಪೈಪಿನ ಬಾಯಿ ಮುಚ್ಚಿಹೋಗುತ್ತದೆ. ನೀರು ತುಂಬಿ ಹೊರಗೆ ಚೆಲ್ಲುತ್ತದೆ. ಎಲ್ಲ ನೀರೂ ಅಂಗಳಕ್ಕೆ ಬೀಳುವುದಿಲ್ಲ. ಸ್ವಲ್ಪ ನೀರು ಒಳಬದಿಗೂ ಹೋಗುತ್ತದೆ. ಪಕ್ಕಾಸಿನ ತುದಿ ನೆನೆಯುತ್ತದೆ. ರೀಪು ನೆನೆಯುತ್ತದೆ. ಅಲ್ಲಿಂದ ನೀರು ಗೋಡೆಗೆ ಇಳಿಯುತ್ತದೆ.

ಮರ ಒಂದು ದಿನ ನೆನೆದರೆ ತೊಂದರೆ ಇಲ್ಲ. ಬಿಸಿಲಿಗೆ ಒಣಗ್ತದೆ. ಆದರೆ ಆಟಿಯಲ್ಲಿ ಬಿಸಿಲು ಎಲ್ಲಿದೆ? ವಾರಗಟ್ಟಲೆ ಒದ್ದೆಯಾಗಿದ್ದ ಮರಕ್ಕೆ ಬೂಷ್ಟು ಹಿಡಿಯುತ್ತದೆ. ಮರ ಮೆತ್ತಗಾಗುತ್ತದೆ. ಒದ್ದೆ ಮರಕ್ಕೆ ಗೆದ್ದಲೂ ಬೇಗ ಬರುತ್ತದೆ. ಮೊಳೆ ತುಕ್ಕು ಹಿಡಿಯುತ್ತದೆ. ಪಕ್ಕಾಸಿನ ತುದಿ ಕುಂಬಾದರೆ ಸೂರಿನ ಹಂಚು ಜಾರುತ್ತದೆ. ಆಗ ಮಾಡೇ ಸೋರುತ್ತದೆ.

ತುಂಬಿದ ದಂಬೆಗೆ ಭಾರವೂ ಹೆಚ್ಚು. 20 ಅಡಿ ಉದ್ದ, 5 ಇಂಚು ಅಗಲ, 4 ಇಂಚು ಆಳದ ದಂಬೆಯಲ್ಲಿ ನೀರು ನಿಂತರೆ 70 ಕಿಲೋಗಿಂತ ಹೆಚ್ಚು ತೂಕ. ಅಂದರೆ 50 ಕಿಲೋದ ಒಂದೂವರೆ ಗೋಣಿ ಅಕ್ಕಿಯಷ್ಟು! ಈ ಭಾರಕ್ಕೆ ಕೊಕ್ಕೆ ಕಿತ್ತು ಬರಬಹುದು.

ಮುರಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ ಹಳೆ ಗೋಡೆಯಾದರೆ ಇನ್ನೂ ಕಷ್ಟ. ನೀರು ಇಳಿದಂತೆ ಕಲ್ಲಿನ ನಡುವಿನ ಮಣ್ಣು ಕರಗುತ್ತದೆ. ಗೋಡೆ ಬಿರುಕು ಬಿಡುತ್ತದೆ. ಕೆಳಗೆ ಪಂಚಾಂಗದ ಬದಿಯ ಮಣ್ಣೂ ಕೊರೆದುಹೋಗುತ್ತದೆ.

ಮತ್ತೊಂದು ಅಪಾಯ ಸೊಳ್ಳೆ. ದಂಬೆಯಲ್ಲಿ ನಿಂತ ನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ.

ಗುರುತು ಹೇಗೆ?

• ಗೋಡೆಯ ಮೇಲ್ಭಾಗದಲ್ಲಿ ಕಪ್ಪು ಕಲೆ, ಸುಣ್ಣ ಉದುರುವುದು.
• ದಂಬೆಯಲ್ಲಿ ಹುಲ್ಲು, ಸಸಿ ಹುಟ್ಟಿರುವುದು.
• ಮಳೆ ಬರುವಾಗ ಪೈಪಿನಲ್ಲಿ ನೀರು ಕಡಿಮೆ, ದಂಬೆಯ ಅಂಚಿನಲ್ಲಿ ಹೆಚ್ಚು.
• ಪಕ್ಕಾಸಿನ ತುದಿಗೆ ಚೂರಿ ಚುಚ್ಚಿದರೆ ಸುಲಭದಲ್ಲಿ ಒಳಹೋಗುವುದು. ಹೀಗಾದರೆ ಬಡಗಿಯನ್ನು ಕರೆಯಿರಿ. ತಡ ಮಾಡಬೇಡಿ.

ನಾವು ಏನು ಮಾಡಬೇಕು?

ಪತ್ತನಾಜೆಗೆ ಮೊದಲೇ ದಂಬೆಯ ಕಸ ತೆಗೆಯಿರಿ. ಮನೆಯ ಮೇಲೆ ಮರ ಬಾಗಿದ್ದರೆ ಆಟಿಯಲ್ಲಿ ಮಳೆ ಬಿಟ್ಟಾಗ ಇನ್ನೊಮ್ಮೆ, ತುಲಾ ಮಳೆಗೆ ಮೊದಲು ಮತ್ತೊಮ್ಮೆ ನೋಡಿ. ಕಸವನ್ನು ಪೈಪಿಗೆ ನೂಕಬೇಡಿ. ಕೈಯಿಂದ ಬಾಚಿ ಬಕೆಟಿಗೆ ಹಾಕಿ. ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ ಆಯ್ತು!

ಆಮೇಲೆ ಒಂದು ಬಕೆಟ್ ನೀರು ಹೊಯ್ದು ನೋಡಿ. ನೀರು ನಿಂತರೆ ಇಳಿಜಾರು ಸಾಲದು. 10 ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಇರಲಿ. ಪೈಪಿನ ಬಾಯಿಗೆ ಒಂದು ಬಲೆ ಇಡಿ. ಬಲೆಯ ಮೇಲಿನ ಎಲೆಯನ್ನೂ ಆಗಾಗ ತೆಗೆಯಬೇಕು. ಪೈಪಿನ ನೀರು ಗೋಡೆಯ ಬುಡದಲ್ಲೇ ಬೀಳಬಾರದು. ನಾಲ್ಕೈದು ಅಡಿ ದೂರಕ್ಕೆ, ತೋಡಿಗೆ ಅಥವಾ ಇಂಗುಗುಂಡಿಗೆ ಹೋಗಲಿ.

ಎಚ್ಚರ!

ಏಣಿ ಹತ್ತುವಾಗ ಕೆಳಗೆ ಒಬ್ಬರು ಹಿಡಿದುಕೊಳ್ಳಲಿ. ಹಾವಸೆ ಹಿಡಿದ ಹಂಚಿನ ಮೇಲೆ ಕಾಲಿಡಬೇಡಿ. ಜಾರ್ತದೆ. ಮಳೆ, ಸಿಡಿಲು ಇರುವಾಗ ಹತ್ತಲೇಬೇಡಿ. ಕರೆಂಟಿನ ತಂತಿ ಹತ್ತಿರ ಇದ್ದರೆ ಕಬ್ಬಿಣದ ಅಥವಾ ಅಲ್ಯೂಮಿನಿಯಂ ಏಣಿ ಬೇಡ. ಕಸದಲ್ಲಿ ಚೇಳು ಇರಬಹುದು. ಬರಿಗೈ ಹಾಕಬೇಡಿ. ವಯಸ್ಸಾದವರು ತಾವೇ ಹತ್ತದೆ ಕೆಲಸದವರಿಗೆ ಹೇಳಲಿ.

ಕಸ ತೆಗೆಯಲು ಅರ್ಧ ದಿನ ಸಾಕು. ಕುಂಬಾದ ಪಕ್ಕಾಸು ಬದಲಾಯಿಸಲು ಹಂಚು ಇಳಿಸಬೇಕು, ಮರ ಕೊಳ್ಳಬೇಕು, ಬಡಗಿಗೆ ಕೂಲಿ ಕೊಡಬೇಕು. ಯಾವುದು ಸುಲಭ? ನೀವೇ ಹೇಳಿ.

ಯೋಚಿಸಿ, ಹೇಳಿ

1. ನಿಮ್ಮ ಮನೆಯ ದಂಬೆಯನ್ನು ಕಳೆದ ಸಲ ಯಾವಾಗ ನೋಡಿದ್ದೀರಿ?
2. ಹಂಚು ಸರಿ ಇದ್ದರೂ ಗೋಡೆ ಏಕೆ ನೆನೆಯುತ್ತದೆ?
3. ನಿಮ್ಮ ಮಾಡಿನ ಉದ್ದ, ಅಗಲ ಅಳೆಯಿರಿ. ಒಂದು ಸೆಂಟಿಮೀಟರ್ ಮಳೆಗೆ ಎಷ್ಟು ಕೊಡ ನೀರು ಬೀಳುತ್ತದೆ? ಲೆಕ್ಕ ಮಾಡಿ ಬರೆಯಿರಿ.