ಲಾರಿ ಏರಿ ಬಂದ ಮನೆಗಳು

ಮುಧೋಳದ ಘೋರ್ಪಡೆ ಅರಸರ ದರ್ಬಾರ್ ಹಾಲ್ ನೋಡಬೇಕೆಂದರೆ ಈಗ ಮುಧೋಳಕ್ಕೆ ಹೋಗಿ ಪ್ರಯೋಜನವಿಲ್ಲ. ಅದರ ಕಂಬ, ತೊಲೆ, ಕೆತ್ತನೆಯ ಹಲಗೆಗಳು ಘಟ್ಟ ಇಳಿದು ಬಂದು ಮಣಿಪಾಲದ ಅನಂತನಗರದಲ್ಲಿ, ಮಣ್ಣಪಳ್ಳ ಕೆರೆಯ ಪಕ್ಕದಲ್ಲಿ ಮತ್ತೆ ಎದ್ದು ನಿಂತಿವೆ. ಕೊಪ್ಪಳ ಸೀಮೆಯ ಕುಕನೂರಿನ ಕಮಲ್ ಮಹಲ್ ಕೂಡ ಅಲ್ಲೇ ಇದೆ. ಕುಂದಾಪುರ ಕಡೆಯ ಹರ್ಕೂರು ಒಳಗಿನಮನೆ, ಕಾರ್ಕಳದ ಹತ್ತಿರದ ಮಿಯ್ಯಾರು ಮನೆ, ಕುಂಜೂರು ಚೌಕಿಮನೆ, ಭಟ್ಕಳದ ನವಾಯತರ ಮನೆ, ಎಲ್ಲವೂ ಸುಮಾರು ಆರು ಎಕರೆ ನೆಲದಲ್ಲಿ ಅಕ್ಕಪಕ್ಕದಲ್ಲಿವೆ. ಇದು ಹಸ್ತಶಿಲ್ಪ ಪಾರಂಪರಿಕ ಗ್ರಾಮ.

ಹಾಸನ–ಬೇಲೂರು ದಾರಿಯ ಹಗರೆಯಿಂದ ಹೊರಟು ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿದು ಅಲ್ಲಿಗೆ ಹೋದವರನ್ನು ಮೊದಲು ತಡೆದು ನಿಲ್ಲಿಸುವುದು ಅರಮನೆಯ ವೈಭವವಲ್ಲ. ಪಕ್ಕದ ಚೌಕಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ತಲೆ ಬಗ್ಗಿಸದೆ ದಾಟಲಾಗದ ಬಾಗಿಲು, ಮೇಲೆ ಅಟ್ಟ. ಹಾಸನ ಕಡೆಯ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಇಲ್ಲ ಅನ್ನಿಸಬಹುದು. ಆದರೆ ಎದುರಿಗಿರುವ ಒಂದೊಂದು ಕಂಬವೂ ಒಮ್ಮೆ ಬೇರೆ ಊರಿನಲ್ಲಿ ಬಿಚ್ಚಿಸಿಕೊಂಡು, ಲಾರಿಯಲ್ಲಿ ಮಲಗಿ ಬಂದು, ಇಲ್ಲಿ ಮತ್ತೆ ಭಾರ ಹೊತ್ತು ನಿಂತಿದೆ ಎಂದು ತಿಳಿದ ಮೇಲೆ ಹೆಜ್ಜೆ ನಿಧಾನವಾಗುತ್ತದೆ. ಕೈ ತಾನಾಗಿ ಮರದ ಕೂಡಿಕೆಗಳನ್ನು ತಡವುತ್ತದೆ.

ಇಷ್ಟನ್ನೂ ಮಾಡಿಸಿದ ವಿಜಯನಾಥ ಶೆಣೈ (1934–2017) ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು. ವಾಸ್ತುಶಿಲ್ಪ ಓದಿದವರಲ್ಲ. ಸಂಗೀತದ ಹುಚ್ಚು ಒಂದು ಕಡೆ, ಹಳೆಯ ಮನೆಗಳ ಮೋಹ ಇನ್ನೊಂದು ಕಡೆ. ಕೆಡವಿದ ಮನೆಗಳಿಂದ ಕಂಬ, ಬಾಗಿಲು, ಕಿಟಕಿಗಳನ್ನು ಕೂಡಿಹಾಕಿ ಮಣಿಪಾಲದಲ್ಲಿ ತಮಗಾಗಿ ಒಂದು ಮನೆ ಕಟ್ಟಿಕೊಂಡರು. ನೋಡಲು ಜನ ಬರತೊಡಗಿ ಆ ಮನೆಯೇ ಸಂಗ್ರಹಾಲಯವಾಯಿತು. ಅವರ ನಿಜವಾದ ದೊಡ್ಡತನ ಇರುವುದು ಆಮೇಲಿನ ಹೆಜ್ಜೆಯಲ್ಲಿ. ಚೆಂದದ ಬಾಗಿಲೊಂದನ್ನು ಕಿತ್ತು ತಂದು ಗೋಡೆಗೆ ಒರಗಿಸುವುದನ್ನು ಹಣವಿರುವ ಯಾರಾದರೂ ಮಾಡಬಲ್ಲರು. ಮನೆಯನ್ನು ಇಡಿಯಾಗಿ ತರಬೇಕು, ಅಡುಗೆಮನೆಯೂ ಅಟ್ಟವೂ ಸೇರಿಯೇ ಅದು ಮನೆ ಎಂಬ ಹಟ ಬೇಕಾದರೆ ಶೆಣೈ ಅವರಂಥವರೇ ಆಗಬೇಕು.

ಮನೆಗಳು ಯಾಕೆ ಬೀಳುತ್ತಿದ್ದವು ಎಂಬುದು ಓದುಗರಿಗೆ ಗೊತ್ತಿರುವ ಕತೆ. ಅವಿಭಕ್ತ ಕುಟುಂಬ ಒಡೆಯಿತು. ಕರಾವಳಿಯಲ್ಲಿ ಅಳಿಯಕಟ್ಟಿನ ಆಸ್ತಿಗಳು ಪಾಲಾದವು. 1974ರ ಭೂಸುಧಾರಣೆಯ ಬಳಿಕ ಉಳುವವನಿಗೆ ನೆಲ ಸಿಕ್ಕಿತು, ಅದು ನ್ಯಾಯವೇ. ಆದರೆ ಗೇಣಿ ಭತ್ತದ ಬಲದಿಂದ ನಿಂತಿದ್ದ ದೊಡ್ಡ ಮನೆಗಳಿಗೆ ವರ್ಷವರ್ಷವೂ ಹೆಂಚು ಕೈಯಾಡಿಸುವ ಖರ್ಚೂ ಹುಟ್ಟದಾಯಿತು. ಒಂದು ಮಳೆಗಾಲ ಹೆಂಚು ಸರಿದರೆ ಮುಂದಿನ ಮಳೆಗಾಲಕ್ಕೆ ತೊಲೆ ಕೊಳೆಯುತ್ತದೆ. ಕೆಡವಿದ ಮರ ಸೌದೆಯ ಬೆಲೆಗೂ ಹೋಯಿತು.

ಮನೆ ಸಾಗಿಸುವ ಕೆಲಸದಲ್ಲಿ ಅತ್ಯಂತ ಸ್ವಾರಸ್ಯದ ಸಂಗತಿಯೆಂದರೆ, ಮನೆ ಪೂರ್ತಿಯಾಗಿ ಪ್ರಯಾಣ ಮಾಡುವುದೇ ಇಲ್ಲ. ಮರ ಬರುತ್ತದೆ, ಕಡೆದ ಕಲ್ಲು ಬರುತ್ತದೆ, ಜೋಪಾನ ಮಾಡಿದರೆ ಹೆಂಚೂ ಬರುತ್ತದೆ. ಮಣ್ಣಿನ ಗೋಡೆ ಬರುವುದಿಲ್ಲ. ಕೆಡವಿದ ಗಳಿಗೆಯಲ್ಲೇ ಅದು ಹಿತ್ತಿಲ ಮಣ್ಣಿನೊಡನೆ ಬೆರೆಯುತ್ತದೆ, ಹೊಸ ಜಾಗದಲ್ಲಿ ಹೊಸದಾಗಿಯೇ ಎಬ್ಬಿಸಬೇಕು. ಹಾಗಿದ್ದರೂ ಆ ಮನೆಯನ್ನು ಹಳೆಯ ಮನೆಯೆಂದೇ ಕರೆಯಬಹುದಾದ ಕಾರಣ ಬಡಗಿಯ ಕೈಯಲ್ಲಿದೆ. ನಮ್ಮ ಹಳೆಯ ಮನೆಗಳಲ್ಲಿ ಭಾರ ಹೊರುವುದು ಬಹುಪಾಲು ಕಂಬ, ಬೋದಿಗೆ, ತೊಲೆ, ಜಂತೆಗಳ ಕಟ್ಟು. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂರುವಂತೆ ಕೊರೆದು, ಮರದ ಗೂಟ ಬಡಿದು ಬಿಗಿ ಮಾಡಿರುತ್ತಾರೆ. ಕಬ್ಬಿಣದ ಮೊಳೆ ಹೊಡೆದ ಮರವನ್ನು ಕೀಳಲು ಹೋದರೆ ಸೀಳುತ್ತದೆ. ಗೂಟದ ಕೂಡಿಕೆಯನ್ನಾದರೆ ತಾಳ್ಮೆಯಿಂದ ಬಿಡಿಸಬಹುದು. ಮನೆ ಕಟ್ಟಿದ ಬಡಗಿ ತನಗರಿವಿಲ್ಲದೆಯೇ ಅದನ್ನು ಬಿಚ್ಚುವ ದಾರಿಯನ್ನೂ ಒಳಗೆ ಇಟ್ಟಿದ್ದ.

ಬಿಚ್ಚುವುದು ಕಟ್ಟಿದ್ದರ ತಿರುವುಮುರುವು. ಮೊದಲು ಅಳತೆ, ನಕ್ಷೆ, ಫೋಟೊ. ಆಮೇಲೆ ಪ್ರತಿ ತುಂಡಿಗೂ ಗುರುತು: ಯಾವ ಕೋಣೆ, ಯಾವ ಸಾಲು, ಯಾವ ದಿಕ್ಕಿನ ಮುಖ. ನಂತರ ಹೆಂಚು, ರೀಪು, ಪಕಾಸಿ, ಜಂತೆ, ತೊಲೆ, ಬೋದಿಗೆ, ಕೊನೆಗೆ ಕಂಬ. ಮೇಲ್ನೋಟಕ್ಕೆ ನಾಲ್ಕು ಕಂಬಗಳೂ ಒಂದೇ ಥರ. ಆದರೆ ಕೈಯಿಂದ ಕೊರೆದ ಕೂಡಿಕೆಗಳಲ್ಲಿ ಒಂದು ಇನ್ನೊಂದರ ಜಾಗಕ್ಕೆ ಸರಿಯಾಗಿ ಒಗ್ಗುವುದಿಲ್ಲ. ಒಂದು ಗುರುತು ಅಳಿಸಿದರೂ ಬಡಗಿಗಳು ತುಂಡು ಹಿಡಿದು ಜಾಗ ಹುಡುಕಬೇಕು.

ಇದಕ್ಕಿಂತ ಕಷ್ಟದ್ದು ಮಳೆ. ಮುಧೋಳದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಉಡುಪಿ ಸೀಮೆಯಲ್ಲಿ 4000 ದಾಟುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ತಲೆಮಾರುಗಳ ಕಾಲ ಇದ್ದ ಮರ ಇಲ್ಲಿ ಜೂನ್ ಬಂದೊಡನೆ ತೇವ ಹೀರುತ್ತದೆ, ಉಬ್ಬುತ್ತದೆ, ಬೇಸಿಗೆಗೆ ಮತ್ತೆ ಕುಗ್ಗುತ್ತದೆ. ಗೆದ್ದಲು, ಬೂಷ್ಟು ಬೇರೆ. ಹರ್ಕೂರು ಮನೆಗೆ ಮಣಿಪಾಲ ಪರವೂರಲ್ಲ, ಅದೇ ಮಳೆ, ಅದೇ ಉಪ್ಪುಗಾಳಿ. ಮುಧೋಳದ ದರ್ಬಾರಿಗೆ ಮಾತ್ರ ಪ್ರತಿ ಮಳೆಗಾಲವೂ ಹೊಸ ಪರೀಕ್ಷೆ. ಸ್ಥಳಾಂತರ ಒಮ್ಮೆ ಮುಗಿಯುವ ಕೆಲಸವಲ್ಲ. ಮನೆ ನಿಂತಿರುವಷ್ಟು ಕಾಲವೂ ಮರ ನೋಡಿಕೊಳ್ಳುವ ಕೈ ಬೇಕು.

ಇನ್ನೊಂದು ಸಂಕಟವನ್ನು ಮುಚ್ಚಿಡಬಾರದು. ಮನೆಯ ಮುಂದಿನ ಗದ್ದೆ, ಬಾವಿ, ದೈವದ ಸ್ಥಾನ, ನಾಗಬನ ಯಾವುದೂ ಲಾರಿ ಏರುವುದಿಲ್ಲ. ಬಾಣಂತಿ ಕೋಣೆಯಲ್ಲಿ ಬಾಣಂತಿಯಿಲ್ಲ, ಅಟ್ಟದಲ್ಲಿ ಭತ್ತವಿಲ್ಲ. ಕುಕನೂರು ಮತ್ತು ಭಟ್ಕಳ ಕೂಗಳತೆಯಲ್ಲಿ ಇರುವ ಊರು ಭೂಪಟದಲ್ಲಿ ಎಲ್ಲೂ ಇಲ್ಲ. ಸ್ವೀಡನ್ನಿನ ಆರ್ಟರ್ ಹ್ಯಾಜೆಲಿಯಸ್ 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ರೈತರ ಮನೆಗಳನ್ನು ಸಾಗಿಸಿ ತಂದು ಸ್ಕ್ಯಾನ್ಸೆನ್ ಬಯಲು ವಸ್ತುಸಂಗ್ರಹಾಲಯ ತೆರೆದ ಕಾಲದಿಂದಲೂ ಈ ಆಕ್ಷೇಪ ಇದ್ದೇ ಇದೆ. ಅದು ಸರಿಯಾದ ಆಕ್ಷೇಪವೂ ಹೌದು. ಆದರೆ ಈ ಮನೆಗಳ ಮುಂದಿದ್ದ ಇನ್ನೊಂದು ದಾರಿ ಹುಟ್ಟಿದೂರಿನಲ್ಲೇ ಉಳಿಯುವುದಾಗಿರಲಿಲ್ಲ, ಅಳಿಯುವುದಾಗಿತ್ತು.

ಹೊಯ್ಸಳರ ನಾಡಿನವರಿಗೆ ಕಟ್ಟಡ ಬಿಚ್ಚಿ ಸಾಗಿಸುವುದು ಕೇಳರಿಯದ್ದೇನಲ್ಲ. ಮೈಸೂರು ಅರಮನೆ ಆವರಣದ ಶ್ವೇತವರಾಹಸ್ವಾಮಿ ದೇವಸ್ಥಾನವನ್ನು ದಿವಾನ್ ಪೂರ್ಣಯ್ಯ ಕಟ್ಟಿಸಿದ್ದು ಶಿವಮೊಗ್ಗ ಸೀಮೆಯ ಹೊಯ್ಸಳ ಗುಡಿಯೊಂದರ ಕಲ್ಲುಗಳಿಂದ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಖೋಡೆ ಪ್ರತಿಷ್ಠಾನದ ಕೆಲಸದಿಂದ ಕಲ್ಲುಕಲ್ಲಾಗಿ ಮೇಲೆ ಬಂದು ಹೊಸ ಕನ್ನಂಬಾಡಿಯಲ್ಲಿ ನಿಂತಿದೆ. ಬೇಲೂರಿನಲ್ಲೇ ಚೆನ್ನಕೇಶವನ ಗರ್ಭಗುಡಿಯನ್ನು ಭಾರದಿಂದ ಉಳಿಸಲು ಮೇಲಿನ ಗೋಪುರವನ್ನು 1879ರಲ್ಲಿ ಬಿಚ್ಚಿ ಇಳಿಸಲಾಯಿತು.

ಅವೆಲ್ಲ ಕಲ್ಲಿನ ಗುಡಿಗಳು. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಮೊದಲು ದೊಡ್ಡಗದ್ದವಳ್ಳಿ, ಮುಂದೆ ಹಗರೆ, ಅಲ್ಲಿಂದ ಹಳೇಬೀಡಿಗೆ ತಿರುವು. ಗುಡಿಗಳಿಗೆ ಪುರಾತತ್ವ ಇಲಾಖೆಯ ಕಾವಲಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೂ ಸೇರಿದವು. ಆ ಗುಡಿಗಳ ಸುತ್ತಲ ಊರುಗಳಲ್ಲಿ ಜನ ಬಾಳಿದ ತೊಟ್ಟಿಮನೆಗಳಿಗೆ ಅಂಥ ಕಾವಲಿಲ್ಲ. ಚಿಕ್ಕಮಗಳೂರಿನ ಒಂದು ಮುಸ್ಲಿಂ ಮನೆ ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯ ಜೊತೆ ಆಶ್ರಯ ಪಡೆದಿದೆ. ಬೇಲೂರಿನ ಪಕ್ಕದ ಊರಿನ ಮನೆಯನ್ನು ನೋಡಲು ತಮಿಳುನಾಡಿಗೆ ಹೋಗಬೇಕು.

ಶೆಣೈ ಅವರ ಕೆಲಸದಿಂದ ಹಗರೆ ಸುತ್ತಿನ ಊರುಗಳು ಕಲಿಯಬೇಕಾದ್ದು ಲಾರಿ ತರಿಸುವುದನ್ನಲ್ಲ, ಅದಕ್ಕೂ ಮೊದಲಿನ ಕೆಲಸವನ್ನು. ಯಾವ ಊರಿನಲ್ಲಿ ಯಾವ ಹಳೆಯ ಮನೆ ಉಳಿದಿದೆ ಎಂಬ ಪಟ್ಟಿಯನ್ನು ಹಾಸನದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಪಂಚಾಯಿತಿಗಳ ಜೊತೆ ಕೂತು ಮಾಡಬಹುದು. ಅಳತೆ, ನಕ್ಷೆ, ಫೋಟೊಗಳು ಮನೆ ನಿಂತಿರುವಾಗಲೇ ಆಗಬೇಕು. ಗುಡಿ ನೋಡಲು ಬರುವವರಲ್ಲಿ ಒಂದಷ್ಟು ಮಂದಿಯಾದರೂ ಅಂಥ ಮನೆಯೊಂದರಲ್ಲಿ ದುಡ್ಡು ಕೊಟ್ಟು ಊಟ ಮಾಡಿ ತಂಗುವಂತಾದರೆ ಹೆಂಚು ಕೈಯಾಡಿಸುವ ಖರ್ಚು ಮನೆಯಿಂದಲೇ ಹುಟ್ಟುತ್ತದೆ. ಅದೂ ಕೈಗೂಡದ ಮನೆಗೆ ಮಣಿಪಾಲದ ದಾರಿ ಇದ್ದೇ ಇದೆ. ಆದರೆ ಗುರುತು ಹಾಕುವ ಬಳಪ ಕೆಡವುವವರ ಹಾರೆಗಿಂತ ಮೊದಲು ಆ ಮನೆ ಮುಟ್ಟಿರಬೇಕು.