ಅಂಟಿಸೋದು ಸುಲಭ, ಬಿಡಿಸೋದು? ಮಾವನ ಹಳೇ ರೈಫಲ್ ಕಲಿಸಿದ ಎಪಾಕ್ಸಿ ಪಾಠ

ಇವತ್ತಿನ ಎಪಿಸೋಡ್ ಒಂದು ಅಂಟಿನ ಬಗ್ಗೆ. ಎರಡು ಟ್ಯೂಬ್ ಇರುತ್ತಲ್ಲ, ಸಮಸಮ ಹಿಂಡಿ, ಕಡ್ಡಿಯಲ್ಲಿ ಕಲಸಿ ಹಚ್ಚೋದು, ಅದೇ ಎಪಾಕ್ಸಿ. ಅಂಟಿಸೋದು ಎಲ್ಲರಿಗೂ ಗೊತ್ತು. ಬಿಡಿಸೋದನ್ನ ಕಲಿಯೋಕೆ ನನಗೆ ಮೂರು ಭಾನುವಾರ ಬೇಕಾಯ್ತು.

ತುಮಕೂರಿನಲ್ಲಿರೋ ನಮ್ಮ ಮಾವನ ಹತ್ರ ಒಂದು ಹಳೇ ಟಾರ್ಗೆಟ್ ಏರ್ ರೈಫಲ್ ಇದೆ. 10 ಮೀಟರ್ ಸ್ಪರ್ಧೆಯದ್ದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಆ ವಿಭಾಗ. ಮಾವನಿಗೆ ಈಗ ಕೈ ನಡುಗುತ್ತೆ, ಗುರಿ ಹಿಡಿಯೋಕಾಗಲ್ಲ. ಮಗನಿಗೆ ಕೊಡೋಣ ಅಂತ ಆಸೆ. ಆದ್ರೆ ಹಿಂದಿನ ಸೈಟ್ ಕೂರೋ ಅಲ್ಯೂಮಿನಿಯಂ ರೈಲು ಸ್ವಲ್ಪ ಸೊಟ್ಟಗೆ ಅಂಟಿಬಿಟ್ಟಿದೆ. ಸ್ಕ್ರೂಗಳ ತಲೆ ಮೇಲೂ ಅಂಟು. ಕೆನ್ನೆ ಇಡೋ ಮರದ ತುಂಡಿಗೆ ಲೋಹದ ಪಟ್ಟಿಯನ್ನೂ ಹಾಗೇ ಅಂಟಿಸಿದ್ದಾರೆ, ಹುಡುಗನ ಮುಖಕ್ಕೆ ತಕ್ಕ ಹಾಗೆ ಎತ್ತರ ಬದಲಿಸೋಕೆ ಬರಲ್ಲ.

"ಯಾರು ಮಾವ ಇದನ್ನ ಮಾಡಿದ್ದು?" ಅಂತ ಸಿಟ್ಟಲ್ಲೇ ಕೇಳಿದೆ. "ನಾನೇ ಕಣೇ. ಸ್ಕ್ರೂ ಥ್ರೆಡ್ ಸವೆದು ರೈಲು ಅಲ್ಲಾಡ್ತಿತ್ತು. ಮರುದಿನ ಮ್ಯಾಚ್ ಇತ್ತು" ಅಂದ್ರು.

ನಾನು ಬಿಕಾಂ ಓದಿದವಳು, ಲೆಕ್ಕ ಹಾಕಿ ನೋಡಿದೆ. ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಸುಮಾರು 80 ಸೆಂಟಿಮೀಟರ್. ಹಿಂದಿನದು ಬರೀ 0.1 ಮಿಲಿಮೀಟರ್ ಸರಿದ್ರೆ 10 ಮೀಟರ್ ದೂರದಲ್ಲಿ ಗುರಿ 1.25 ಮಿಲಿಮೀಟರ್ ತಪ್ಪುತ್ತೆ. ಆ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲವೇ 0.5 ಮಿಲಿಮೀಟರ್! ಮಾವ ಯಾಕೆ ಅಂಟು ಹಚ್ಚಿದ್ರು ಅಂತ ಆಗ ಅರ್ಥ ಆಯ್ತು.

ಮೊದಲನೇ ಭಾನುವಾರ ನಾನು ಮಾಡಿದ್ದು ದಡ್ಡತನ. ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿದೆ. ಮರದ ವಾರ್ನಿಶ್ ಕಿತ್ಕೊಂಡು ಬಂತು, ಅಂಟು ಅಲ್ಲೇ ಕೂತಿತ್ತು.

ಕಾರಣ ಇಷ್ಟೇ. ಬೆಲ್ಲ ಕಾಯಿಸಿದ್ರೆ ಪಾಕ, ಆರಿದ್ರೆ ಮತ್ತೆ ಗಟ್ಟಿ. ಇಡ್ಲಿ ಹಾಗಲ್ಲ, ಒಮ್ಮೆ ಬೆಂದ್ರೆ ಮತ್ತೆ ಹಿಟ್ಟಾಗಲ್ಲ. ಎಪಾಕ್ಸಿ ಇಡ್ಲಿ ಜಾತಿ. ರೆಸಿನ್ ಮತ್ತು ಹಾರ್ಡನರ್ ಸೇರಿದಾಗ ಅಣುಗಳು ಬಲೆ ಥರ ಹೆಣೆದುಕೊಳ್ಳುತ್ತವೆ. ಅದು ಕರಗಲ್ಲ. ಅದನ್ನ ಉಬ್ಬಿಸಿ ಸಡಿಲ ಮಾಡೋ ಡೈಕ್ಲೋರೋಮೀಥೇನ್ ಥರದ ದ್ರಾವಕ ಇದೆ, ಆದ್ರೆ ಅದರ ಆವಿ ವಿಷ. ಮನೇಲಿ ಖಂಡಿತ ಬೇಡ.

ಹಾಗಾದ್ರೆ ದಾರಿ? ಎಪಾಕ್ಸಿ ಕರಗದಿದ್ರೂ ಮೆತ್ತಗಾಗುತ್ತೆ. ಮನೆ ಬಳಕೆಯ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿ ಸೆಲ್ಸಿಯಸ್ ಹತ್ತಿರ ಗಾಜಿನ ಗುಣ ಬಿಟ್ಟು ರಬ್ಬರಿನ ಗುಣಕ್ಕೆ ತಿರುಗುತ್ತೆ. 80–90ಕ್ಕೆ ಬಂದ್ರೆ ಹಿಡಿತ ತುಂಬಾ ಕಮ್ಮಿ.

ಎರಡನೇ ಭಾನುವಾರ. ಮೊದಲು ರೈಫಲ್ ಖಾಲಿ ಇದೆಯಾ, ಕಾಕ್ ಆಗಿಲ್ಲ ತಾನೇ ಅಂತ ಎರಡು ಸಲ ನೋಡಿದೆ. ಒಳಗಿನ ಸ್ಪ್ರಿಂಗ್ ಮುಟ್ಟಲೇ ಇಲ್ಲ, ಅದು ಒತ್ತಡದಲ್ಲಿರುತ್ತೆ, ಪರಿಣತರ ಕೆಲಸ. ಕಿಟಕಿ ತೆಗೆದೆ. ಸ್ಕ್ರೂ ತಲೆ ಮೇಲೆ ಸೋಲ್ಡರಿಂಗ್ ಐರನ್ ಒಂದೆರಡು ನಿಮಿಷ ಇಟ್ಟೆ. ಶಾಖ ಸ್ಕ್ರೂ ಮೂಲಕವೇ ಅಂಟಿಗೆ ಇಳಿಯುತ್ತೆ. ಆಮೇಲೆ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಹಾಕಿದ್ರೆ ತಿರುಗ್ತು.

ರೈಲಿಗೆ ಹೀಟ್ ಗನ್. ಶಾಖ ರೈಲಿಗೆ ಮಾತ್ರ ಕೊಡಬೇಕು, ಒಳಗಿನ ಸೀಲ್‌ಗಳು ಹಾಳಾಗಬಾರದು. ಹೊಳೆಯೋ ಲೋಹದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ತಪ್ಪು ತೋರಿಸುತ್ತೆ. ಅದಕ್ಕೆ ಒಂದು ಚೂರು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಅಳೆದೆ. ನೀರಿನ ಹನಿ ಚುಂಯ್ ಅಂದ್ರೆ 100 ದಾಟಿದೆ, ನಿಲ್ಲಿಸಿ.

ಈಗ ಮುಖ್ಯ ವಿಷಯ. ದೋಸೆಯನ್ನ ಕಾವಲಿಯಿಂದ ಹೇಗೆ ಎಬ್ಬಿಸ್ತೀರ? ಅಂಚಿನಿಂದ. ಎಪಾಕ್ಸಿಯೂ ಹಾಗೇ. ಅಡ್ಡಡ್ಡ ತಳ್ಳಿದ್ರೆ ಪೂರ್ತಿ ಅಂಟು ಒಟ್ಟಿಗೆ ತಡೆಯುತ್ತೆ. ಒಂದು ತುದಿಯಿಂದ ಸೀಳಿದ್ರೆ ಎಲ್ಲಾ ಬಲ ಸಣ್ಣ ಗೆರೆ ಮೇಲೆ ಬೀಳುತ್ತೆ, ಅದು ಸೋಲುತ್ತೆ. ಬಿದಿರಿನ ಚೂಪು ತುಂಡು ತುದಿಗೆ ತೂರಿಸಿ, ಬಿಸಿ ಮಾಡ್ತಾ, ಸ್ವಲ್ಪ ಸ್ವಲ್ಪ ಒತ್ತಿದೆ. ಟಕ್ ಅಂತ ಎದ್ದಿತು.

ಮರದ ತುಂಡಿಗೆ ಈ ಶಾಖ ಆಗಲ್ಲ, ಪಾಲಿಶ್ ಗುಳ್ಳೆ ಬರುತ್ತೆ. ಅದಕ್ಕೆ ಮೂರನೇ ಭಾನುವಾರ ಉಲ್ಟಾ ದಾರಿ, ಫ್ರೀಝರ್. ಎಪಾಕ್ಸಿ ಚಳಿಗೆ ಅಲ್ಯೂಮಿನಿಯಂಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತೆ, ಜೊತೆಗೆ ಪೆಡಸಾಗುತ್ತೆ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಸುತ್ತಿ ರಾತ್ರಿಯಿಡೀ ಇಟ್ಟೆ. ಅಮ್ಮ "ಇದೇನೇ, ಬಟಾಣಿ ಪಕ್ಕದಲ್ಲಿ ಬಂದೂಕಿನ ತುಂಡು?" ಅಂದ್ರು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಹೊರಗೆ ತೆಗೆದ ಕೂಡಲೇ ಅಂಚಿಗೆ ಮೆಲ್ಲಗೆ ತಟ್ಟಿದೆ, ಪಟ್ಟಿ ಕಳಚಿತು. ಉಳಿದ ಅಂಟು ಕೆರೆಯುವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಒಂದು ಎಚ್ಚರಿಕೆ. ನಾನು ಹೇಳಿದ್ದು ಏರ್ ರೈಫಲ್ ಬಗ್ಗೆ. ಮದ್ದಿನ ಬಂದೂಕಾದ್ರೆ 1959ರ ಆಯುಧ ಕಾಯ್ದೆ ಪ್ರಕಾರ ರಿಪೇರಿ ಕಸುಬಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರವೇ ಹೋಗಿ.

ಸವೆದ ಥ್ರೆಡ್‌ಗೆ ಲೇತ್ ಅಂಗಡಿಯಲ್ಲಿ ಹೊಸ ಇನ್ಸರ್ಟ್ ಕೂರಿಸಿದ್ವಿ. ರೈಲಿಗೆ ಈಗ ಸ್ಕ್ರೂ, ಜೊತೆಗೆ ಕೈ ಟೂಲ್‌ನಲ್ಲೇ ಬಿಚ್ಚೋಕಾಗೋ ಥ್ರೆಡ್‌ಲಾಕರ್. ಮ್ಯೂಸಿಯಂಗಳಲ್ಲಿ ಹಳೇ ವಸ್ತು ಜೋಡಿಸುವವರೂ ಮುಂದೆ ಬಿಡಿಸೋಕೆ ಬರೋ ಅಂಟನ್ನೇ ಇಷ್ಟಪಡ್ತಾರೆ. ಯಾಕಂದ್ರೆ ಮುಂದೆ ಇನ್ನೊಬ್ಬರು ಅದನ್ನ ಬಿಚ್ಚಲೇಬೇಕಾಗುತ್ತೆ. ಬಿಚ್ಚೋಕಾಗದ ರಿಪೇರಿ ಅಂದ್ರೆ ನಮ್ಮ ಸಾಲವನ್ನ ಮುಂದಿನವರ ಖಾತೆಗೆ ಬರೆದ ಹಾಗೆ. ಮಾವ ಬರೆದಿದ್ದು ತುರ್ತಿಗೆ, ಅದನ್ನ ತೀರಿಸೋ ಸರದಿ ನನ್ನದಾಗಿತ್ತು, ಅಷ್ಟೇ.

ಹೋದ ವಾರ ಹುಡುಗ ಕೆನ್ನೆ ಇಟ್ಟು ಗುರಿ ಹಿಡಿದ. ಮಾವ ಹಿಂದೆ ನಿಂತು, ನಡುಗೋ ಕೈಯಲ್ಲೇ ಮರದ ತುಂಡನ್ನ ಒಂದು ನೂಲು ಮೇಲಕ್ಕೆ ಸರಿಸಿ ಸ್ಕ್ರೂ ಬಿಗಿ ಮಾಡಿದ್ರು. "ಈಗ ನೋಡು" ಅಂದ್ರು.

ನಿಮ್ಮನೇಲೂ ಹೀಗೆ ಅಂಟಿ ಕೂತಿರೋ ವಸ್ತು ಇದ್ರೆ, ಸುತ್ತಿಗೆ ಎತ್ತೋ ಮೊದಲು ಈ ಎಪಿಸೋಡ್ ಇನ್ನೊಂದ್ಸಲ ಕೇಳಿ. ಮುಂದಿನ ವಾರ ಸಿಗೋಣ.